ಮುಟ್ಟದೆ ಆಗೋಲ್ಲ ಅನ್ನುವವರಿಗೆ

"ಫೋನಿನಲ್ಲಿ ಫಿಸಿಯೋಥೆರಪಿ ಮಾಡೋಕಾಗುತ್ತೇನ್ರೀ? ಕೈಯಿಟ್ಟು ಮುಟ್ಟಿ ನೋಡಬೇಕು" ಅಂತ ಮೊನ್ನೆ ಮದುವೆಮನೆಯ ಪಂಕ್ತಿಯಲ್ಲಿ ಡಾಕ್ಟರೊಬ್ಬರು ನನಗೆ ಪಾಠ ಹೇಳಿದರು. ಪಾಯಸ ಬರುವ ಹೊತ್ತು, ಸುಮ್ಮನಿದ್ದೆ. ಈಗ ಹೇಳುತ್ತೇನೆ.

2 ವರ್ಷದ ಹಿಂದೆ ಮಳೆಗಾಲದಲ್ಲಿ ನಮ್ಮ ತೋಟಕ್ಕೆ ಕೊಳೆ ಔಷಧಿ ಹೊಡೆಯುತ್ತಿದ್ದ ಕೊನೆಗೌಡ ಅಡಿಕೆ ಮರದಿಂದ ಬಿದ್ದ. ನಮ್ಮ ಮರ, ನಮ್ಮ ಔಷಧಿ. ಹಾಗಾಗಿ ಇದನ್ನು ದೂರ ನಿಂತು ಬರೆಯುತ್ತಿಲ್ಲ. ಸೊಂಟಕ್ಕಿಂತ ತುಸು ಮೇಲೆ ಬೆನ್ನುಹುರಿಗೆ ಪೆಟ್ಟು. ಎರಡೂ ಕಾಲು ಹೋದವು, ಮೂತ್ರದ ಅರಿವೂ ಹೋಯಿತು. 100 ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ ಆಪರೇಶನ್ ಆಯಿತು, ಚೆನ್ನಾಗಿಯೇ ಮಾಡಿದರು. 18ನೇ ದಿನ ಮನೆಗೆ ಕಳಿಸಿದರು. ಡಿಸ್ಚಾರ್ಜ್ ಹಾಳೆಯ ಕೊನೆಗೆ ಇಂಗ್ಲಿಷಿನಲ್ಲಿ ಒಂದು ಸಾಲು: ಫಿಸಿಯೋಥೆರಪಿ ಮುಂದುವರಿಸಿ. ಎಲ್ಲಿ? ಯಾರ ಹತ್ರ? ನಮ್ಮೂರಿಗೆ ಬಸ್ಸು ದಿನಕ್ಕೆ ಎರಡು, ಬಸ್ಸಿನ ಮೆಟ್ಟಿಲು ಹತ್ತಲು ಕಾಲು ಬೇಕು.

ಮುಟ್ಟಿ ನೋಡುವ ಕೈ ಬೇಡ ಅಂದವರು ಯಾರು ಸ್ವಾಮಿ? ಆ ಕೈ ಬರಲಿಲ್ಲ. ಅವನ ಮನೆಯಲ್ಲಿ ಆಯ್ಕೆ ಇದ್ದದ್ದು ಕೈ ಮತ್ತು ಫೋನಿನ ನಡುವೆ ಅಲ್ಲ, ಫೋನು ಮತ್ತು ಏನೂ ಇಲ್ಲದ್ದರ ನಡುವೆ.

ನನ್ನ ಹೆಂಡತಿಯ ಅಕ್ಕನ ಮಗಳು ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಪ್ರತಿ ಭಾನುವಾರ ಸಂಜೆ ಪುಕ್ಕಟೆ ನೋಡಲು ಒಪ್ಪಿದಳು. ಅವನ ಮನೆಯಲ್ಲಿ ಸಿಗ್ನಲ್ ಇಲ್ಲ. ಅವನ ಹೆಂಡತಿ ಮನೆಯೊಳಗೆ ವಿಡಿಯೋ ಮಾಡಿಕೊಂಡು, ಗುಡ್ಡದ ಮೇಲಿನ ಗೇರುಮರದ ಬುಡಕ್ಕೆ ಹೋಗಿ ಕಳಿಸುವುದು, ಅಲ್ಲೇ ಕೂತು ಉತ್ತರದ ವಾಯ್ಸ್ ಮೆಸೇಜ್ ಕೇಳಿ ಇಳಿದು ಬರುವುದು. ನೇರ ವಿಡಿಯೋ, ಕೃತಕ ಬುದ್ಧಿಮತ್ತೆ ಅಂತ ಆ್ಯಪ್ ಮಾರುವವರು ಇದನ್ನೊಮ್ಮೆ ನೋಡಬೇಕು.

ಮೊದಲ ವಿಡಿಯೋ ನೋಡಿದ ಕೂಡಲೇ ಹುಡುಗಿ ಕೇಳಿದ್ದು ಕಾಲಿನ ವ್ಯಾಯಾಮ ಅಲ್ಲ. "ಮಂಚ ಇಷ್ಟು ಎತ್ತರ ಯಾಕೆ? ಗಾಲಿಕುರ್ಚಿಯಿಂದ ಅದಕ್ಕೆ ಅವರು ಹೇಗೆ ಹತ್ತುತ್ತಾರೆ?" ಆಚಾರಿಯನ್ನು ಕರೆಸಿ ಮಂಚದ ಕಾಲು ಕುಯ್ಯಿಸಿದೆವು. ಹೊಸ್ತಿಲಿಗೆ ಹಲಗೆ ಇಳಿಜಾರು ಹಾಕಿಸಿದೆವು. ಮರುವಾರ ಅವನು ಒಬ್ಬನೇ ಕುರ್ಚಿಗೆ ಜಾರಿ ಕೂತ. ಆಸ್ಪತ್ರೆ ಅವನ ಬೆನ್ನು ನೋಡಿತ್ತು, ಮನೆ ನೋಡಿರಲಿಲ್ಲ. ಫೋನಿನ ಕ್ಯಾಮೆರಾ ನೋಡಿತು.

ಹಾಗಂತ ಕ್ಯಾಮೆರಾಕ್ಕೆ ಎಲ್ಲ ಕಾಣುವುದಿಲ್ಲ. ಒಂದು ವಾರ ಅವನ ಪೃಷ್ಠದ ಫೋಟೋ ಹೋಯಿತು. ಏನೂ ಕಾಣಲಿಲ್ಲ, ಕಪ್ಪು ಮೈಯಲ್ಲಿ ಕೆಂಪು ಬೇಗ ತಿಳಿಯುವುದಿಲ್ಲ. ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. "ಅಂಗೈಯ ಹಿಂಬದಿ ಇಟ್ಟು ನೋಡಿ ಅಕ್ಕಾ, ಸುತ್ತಲಿಗಿಂತ ಬಿಸಿ ಇದೆಯಾ? ಗಟ್ಟಿ ಇದೆಯಾ?" ಬಿಸಿ ಇತ್ತು. ಆ ಬದಿಗೆ ಭಾರವನ್ನೇ ಹಾಕದೆ, ರಾತ್ರಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹುಣ್ಣಾಗುವುದು ತಪ್ಪಿತು. ಡಾಕ್ಟರೇ, ಮುಟ್ಟಿ ನೋಡಿದ ಕೈ ಅದು. ಅಡಿಕೆ ಸುಲಿದು ಒರಟಾದ ಕೈ. ಏನನ್ನು ಮುಟ್ಟಿ ನೋಡಬೇಕು ಅಂತ ಹೇಳಿಕೊಡುವವರು ಬೇಕಿತ್ತು ಅಷ್ಟೆ.

ಆ ಫೋನು ಅವರ ಮಗನದು. ಪಿಯುಸಿ ನೋಟ್ಸಿನ ಫೋಟೋಗಳ ನಡುವೆ ಅಪ್ಪನ ಆ ಫೋಟೋಗಳು. ಹುಡುಗ ಕಾಲೇಜಿನಲ್ಲಿ ಫೋನನ್ನು ಯಾರ ಕೈಗೂ ಕೊಡುವುದಿಲ್ಲವಂತೆ. ಖಾಸಗಿತನದ ಬಗ್ಗೆ ಸೆಮಿನಾರ್ ಮಾಡುವವರು ಇದಕ್ಕೂ ಒಂದು ದಾರಿ ಹೇಳಲಿ.

ಇನ್ನು ಸರ್ಕಾರದ ಕಡೆ ಬರೋಣ. 2020ರ ಮಾರ್ಚ್ 25ಕ್ಕೆ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಅದು ಬರೆದಿರುವುದು ನೋಂದಾಯಿತ ವೈದ್ಯರಿಗಾಗಿ. ಫಿಸಿಯೋಥೆರಪಿಸ್ಟರ ಕೆಲಸಕ್ಕೆ ಅದರಲ್ಲಿ ಜಾಗವಿಲ್ಲ. ಮರುತಿಂಗಳೇ ಇ-ಸಂಜೀವಿನಿಯ ಒಪಿಡಿ ಶುರುವಾಯಿತು. ಕೆಮ್ಮು-ಜ್ವರಕ್ಕೆ ಒಳ್ಳೆಯದೇ, ನಾನು ತೆಗಳುವುದಿಲ್ಲ. ಆದರೆ ಅದು ಸರತಿಯಲ್ಲಿ ಕಾದು, ಸಮಸ್ಯೆ ಹೇಳಿ, ಔಷಧಿ ಚೀಟಿ ಪಡೆಯುವ ವ್ಯವಸ್ಥೆ. ಬೆನ್ನುಹುರಿಯ ಪೆಟ್ಟು ಚೀಟಿಯ ಕಾಯಿಲೆಯಲ್ಲ. ಅದಕ್ಕೆ ಬೇಕಾದ್ದು ಅದೇ ಮನೆಯನ್ನು, ಅದೇ ಮೈಯನ್ನು ವಾರ ವಾರವೂ ನೋಡುವ ಒಬ್ಬ ಮನುಷ್ಯ.

ನಮ್ಮವನ ಪೆಟ್ಟು ಕೆಳಗಿನದು, ಅದೊಂದು ಪುಣ್ಯ. ಎದೆಯ 6ನೇ ಕಶೇರುಕದ ಮಟ್ಟದಲ್ಲೋ ಅದಕ್ಕಿಂತ ಮೇಲೋ ಪೆಟ್ಟಾದವರಿಗೆ ಮೂತ್ರದ ಟ್ಯೂಬು ಕಟ್ಟಿಕೊಂಡರೂ ಸಾಕು, ರಕ್ತದೊತ್ತಡ ತಟ್ಟನೆ ಏರಬಹುದು. ತಲೆ ಸಿಡಿತ, ಬೆವರು. ಆಗ ಎತ್ತಿ ಕೂರಿಸಬೇಕು, ಬಿಗಿ ಬಟ್ಟೆ ಸಡಿಲಿಸಬೇಕು, ಟ್ಯೂಬು ಮಡಚಿದೆಯಾ ನೋಡಬೇಕು, ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು. ತಲೆನೋವು ಅಂದರೆ ನಮ್ಮಲ್ಲಿ ಮೊದಲು ಮಾಡುವುದು ಮಲಗಿಸುವುದು! ನಡುರಾತ್ರಿ "ಮಲಗಿಸಬೇಡಿ" ಅನ್ನಲು ಒಂದು ನಂಬರ್ ಬೇಡವಾ?

ಫೋನನ್ನು ದೇವರು ಮಾಡುವವರಿಗೂ ಒಂದು ಮಾತು. ಬಾಂಗ್ಲಾದೇಶದ ಸಾವರ್‌ನಲ್ಲಿ ಸಿಆರ್‌ಪಿ ಎಂಬ ದೊಡ್ಡ ಪುನರ್ವಸತಿ ಕೇಂದ್ರವಿದೆ. ಅಲ್ಲಿಂದ ಮನೆಗೆ ಹೋದ ಬೆನ್ನುಹುರಿ ಪೆಟ್ಟಿನ 410 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧ ಜನರಿಗೆ 2 ವರ್ಷ ಕಾಲ ಫೋನ್ ಮಾಡಿದರು, ಮನೆಗೂ ಹೋಗಿ ಬಂದರು. ಸಾವಿನ ಲೆಕ್ಕದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ವಾದ ಮಾಡಿದರೆ ನಾನೂ ಆ್ಯಪ್ ಮಾರುವವನೇ ಆಗುತ್ತೇನೆ. ಆದರೆ ಅಲ್ಲಿಯವರು ಪುನರ್ವಸತಿ ಕೇಂದ್ರವೊಂದರಲ್ಲಿ ಇದ್ದು ಮನೆಗೆ ಹೋದವರು ಎಂಬುದನ್ನೂ ನೋಡಿ. ನಮ್ಮವನಿಗೆ 18 ದಿನದಲ್ಲಿ ಹೊಲಿಗೆ ಬಿಚ್ಚಿದರು, ತಾನೇ ಟ್ಯೂಬು ಹಾಕಿಕೊಳ್ಳುವುದನ್ನು ಯಾರೂ ಕಲಿಸಲಿಲ್ಲ. ಮೊದಲು ಕಲಿಸಿ, ಆಮೇಲೆ ಫೋನ್ ಮಾಡಿ. ಅದಕ್ಕೆ ಸಂಬಳ ಕೊಡಿ. ಡಿಸ್ಚಾರ್ಜ್ ಹಾಳೆಯಲ್ಲಿ ಕನ್ನಡದಲ್ಲಿ ಒಂದು ಹೆಸರು, ಒಂದು ನಂಬರ್ ಬರೆಯಿರಿ. ಆಪರೇಶನ್ನಿಗೆ ಲಕ್ಷ ಕೊಡುವ ಯೋಜನೆಗೆ ಇದು ಎಷ್ಟರ ಖರ್ಚು?

ನಮ್ಮ ಹುಡುಗಿಗೆ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿದೆ, ಬರುವ ತಿಂಗಳು ಹೊರಡುತ್ತಾಳೆ. ಅಲ್ಲಿಂದಲೂ ನೋಡುತ್ತೇನೆ ಅಂದಿದ್ದಾಳೆ. ನೋಡುತ್ತಾಳೆ, ಸ್ವಲ್ಪ ದಿನ. ಮೊನ್ನೆ ಅವನ ಹೆಂಡತಿ ಹಾಲು ಕೊಡಲು ಬಂದವಳು ಕೇಳಿದಳು: "ಹೆಗಡೇರೇ, ಇನ್ನು ಯಾರಿಗೆ ಕಳಸೂದು?" ಸದ್ಯಕ್ಕೆ ನನಗೇ ಕಳಿಸು ಅಂದಿದ್ದೇನೆ. ನನಗೆ ಗೊತ್ತಿರುವುದು ಅಡಿಕೆ ರೇಟು.