ಒಂದು ಹಲ್ಲು ತಾನೇ?

ಹರಿಹರದಲ್ಲಿ 1941ರಲ್ಲಿ ಸ್ಥಾಪನೆಗೊಂಡ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಅಲ್ಲಿ ತಯಾರಾದ ಲೇತುಗಳು ಮಾತ್ರ ಇನ್ನೂ ಅನೇಕ ಕಡೆ ತಿರುಗುತ್ತಿವೆ. ಬಿಡಿಭಾಗವೊಂದು ಮುರಿದರೆ ಹಿಂದಿನಂತೆ ಕಾರ್ಖಾನೆಗೇ ಬರೆದು ತರಿಸಿಕೊಳ್ಳುವಂತಿಲ್ಲ. ಹೊಸದನ್ನು ನಾವೇ ಮಾಡಿಕೊಳ್ಳಬೇಕು.

ದಾವಣಗೆರೆಯ ಚಿಕ್ಕ ಕಾರ್ಯಾಗಾರವೊಂದರಲ್ಲಿ ಇಂಥ ಹಳೆಯ ಲೇತೊಂದು ಗುಜರಿಯ ತಕ್ಕಡಿಗೆ ಹೋಗುವುದರಲ್ಲಿದ್ದುದನ್ನು ನಾವು ಕಂಡೆವು. ಮುರಿದ ಹಲ್ಲುಚಕ್ರದ ಮಾದರಿಯಲ್ಲೇ ಇನ್ನೊಂದನ್ನು ಮಾಡಿಸಿದ್ದರೂ ಅದರಿಂದ ಕೊರೆದ ತಿರುಪುಗಳಿಗೆ ನಟ್ಟು ಕೂರುತ್ತಿರಲಿಲ್ಲ. ಹಲ್ಲುಗಳನ್ನು ಎಣಿಸಿದೆವು: 126. ಇರಬೇಕಾದದ್ದು 127. “ಒಂದು ಹಲ್ಲು ತಾನೇ ಸ್ವಾಮಿ!” ಎಂದರು ಮಾಲೀಕರು.

ಆ ಒಂದು ಹಲ್ಲಿನ ಮಹತ್ವವನ್ನು ನೋಡಿರಿ. ಲೇತಿನ ಲೀಡ್ ಸ್ಕ್ರೂ ಇಂಚಿನ ಅಳತೆಯದು. ಕೊರೆಯಬೇಕಾದ ತಿರುಪು ಮಿಲಿಮೀಟರಿನದು. ಒಂದು ಇಂಚಿಗೆ 25.4 ಮಿ.ಮೀ., ಎಂದರೆ 5 ಇಂಚಿಗೆ ಸರಿಯಾಗಿ 127 ಮಿ.ಮೀ. ಈ 127 ಅವಿಭಾಜ್ಯ ಸಂಖ್ಯೆಯಾದುದರಿಂದ ಬೇರೆ ಚಕ್ರಗಳನ್ನು ಹೇಗೆ ಜೋಡಿಸಿದರೂ ನಿಖರವಾದ ಪ್ರಮಾಣ ದೊರೆಯದು. (127/100ಕ್ಕೆ ಬದಲಾಗಿ 80/63 ಬಳಸಿದರೆ ತಪ್ಪು ಎಷ್ಟು? ಲೆಕ್ಕ ಹಾಕಿ ನೋಡಿರಿ. ಸುಮಾರು ಎಂಟು ಸಾವಿರಕ್ಕೆ ಒಂದು ಪಾಲು, ಅನೇಕ ಕೆಲಸಗಳಿಗೆ ಧಾರಾಳವಾಗಿ ಸಾಕು.) 126 ಹಲ್ಲುಗಳಿದ್ದರೆ ತಪ್ಪು 127ಕ್ಕೆ ಒಂದು ಪಾಲು. 20 ಮಿ.ಮೀ. ಉದ್ದದ ತಿರುಪಿನಲ್ಲಿ ಅದು ಸುಮಾರು 0.16 ಮಿ.ಮೀ. ಆಗುತ್ತದೆ, ನಟ್ಟು ನಡುದಾರಿಯಲ್ಲೇ ಬಿಗಿದು ನಿಲ್ಲುತ್ತದೆ.

ಸವೆದ ತುಂಡನ್ನು ನಕಲು ಮಾಡುವುದೆಂದರೆ ಅದರ ಸವೆತವನ್ನೂ ನಕಲು ಮಾಡುವುದು. ವಸ್ತುಸಂಗ್ರಹಾಲಯದ ಹಳೆಯ ಕೋವಿಗೆ ಮುರಿದ ಕುದುರೆಯನ್ನು ಹೊಸದಾಗಿ ಮಾಡಿ ಜೋಡಿಸುವವನಿಗೆ ರೂಪ ಹೊಂದಿದರೆ ಸಾಕು. ಆ ಕೋವಿ ಇನ್ನು ಹಾರುವುದಿಲ್ಲ. ಲೇತಾದರೋ ನಾಳೆ ಬೆಳಗ್ಗೆ ದುಡಿಯಬೇಕು. ಆದುದರಿಂದ ಅಳತೆಯನ್ನು ಸವೆದ ಹಲ್ಲಿನ ತುದಿಯಿಂದಲ್ಲ, ಲೆಕ್ಕದಿಂದ ತೆಗೆಯಬೇಕೆಂಬುದು ನಮ್ಮ ಅಭಿಪ್ರಾಯ. ವ್ಯಾಸದ ಇಂಚಿಗೆ 16 ಹಲ್ಲುಗಳ ಪದ್ಧತಿಯ ಚಕ್ರವಾದರೆ, ಹಲ್ಲುಗಳ ಸಂಖ್ಯೆಗೆ 2 ಕೂಡಿಸಿ 16ರಿಂದ ಭಾಗಿಸಿದರೆ ಹೊರವ್ಯಾಸ ಇಂಚುಗಳಲ್ಲಿ ದೊರೆಯುತ್ತದೆ. ಸವೆದ ಚಕ್ರಕ್ಕೆ ಕ್ಯಾಲಿಪರ್ಸ್ ಹಿಡಿದರೆ ಅದಕ್ಕಿಂತ ಕಡಿಮೆಯೇ ಕಂಡೀತು.

ಇನ್ನೊಂದು ಮಾತು. ಹೊಸ ಭಾಗದ ಮೇಲೆ ಅದನ್ನು ಮಾಡಿದ ವರ್ಷವನ್ನು ಕೊರೆಯಬೇಕು. ಕೋವಿಗೂ ಈ ನಿಯಮವೇ. ಇಲ್ಲದಿದ್ದರೆ ಮುಂದೆ ಯಾರೋ ನಮ್ಮ ತಪ್ಪನ್ನೇ ಮೂಲವೆಂದು ನಂಬಿ ಅಳೆದಾರು.

ಈ ಲೇತುಗಳ ಒಳಹೊರಗನ್ನು ಬಲ್ಲ ಫಿಟ್ಟರುಗಳಿಗೆ ಈಗ ವಯಸ್ಸಾಗಿದೆ. ಕಾಲೇಜಿನ ವಿದ್ಯಾರ್ಥಿಗಳು ರಜೆಯಲ್ಲಿ ಅವರ ಬಳಿ ಕುಳಿತು ಒಂದೊಂದು ಭಾಗವನ್ನೂ ಅಳೆದು ನಕ್ಷೆ ಬರೆದುಕೊಳ್ಳಬಾರದೇಕೆ? ಆ ಕಾರ್ಯಾಗಾರದ ಚಕ್ರದ ನಕ್ಷೆಯೊಂದು ನಮ್ಮಲ್ಲಿ ಸಿದ್ಧವಾಗಿದೆ. ಹೊಸ ಚಕ್ರಕ್ಕೆ 127 ಹಲ್ಲುಗಳಿವೆ. ಎರಡು ಸಲ ಎಣಿಸಿದ್ದೇವೆ.