ದ್ವಾರಾಳಿನಿಂದ ಒಟ್ಟಾವಕ್ಕೆ: ಅಧಿಕಾರಪತ್ರವಿಲ್ಲದ ರಾಯಭಾರ

ಶಿರಾ: 2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದ ದನಿ ಕೇಳಿಬಂದ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತ್ತು. ಮಾತನಾಡಿದವರು ಶಿರಾ ತಾಲ್ಲೂಕಿನ ದ್ವಾರಾಳು ಗ್ರಾಮ ಮೂಲದ ಚಂದ್ರ ಆರ್ಯ. ಮೂರು ವರ್ಷ ತುಂಬುವ ಮೊದಲೇ, 2025ರ ಮಾರ್ಚ್‌ನಲ್ಲಿ, ಅವರ ಸ್ವಂತ ಲಿಬರಲ್ ಪಕ್ಷವೇ ಅವರ ಉಮೇದುವಾರಿಕೆಯನ್ನು ರದ್ದುಪಡಿಸಿತು. ಈ ಎರಡನೆಯ ಸುದ್ದಿಗೆ ತವರಿನಲ್ಲಿ ಸಿಕ್ಕ ಗಮನ ಕಡಿಮೆ.

ಎಂಜಿನಿಯರಿಂಗ್ ಓದಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಬಿಎ ಪಡೆದ ಆರ್ಯ 2006ರಲ್ಲಿ ಕೆನಡಾ ಸೇರಿದರು. ಬ್ಯಾಂಕಿನಲ್ಲಿ ಹೂಡಿಕೆ ಸಲಹೆಗಾರರಾಗಿ, ಬಳಿಕ ತಂತ್ರಜ್ಞಾನ ಕಂಪನಿಯೊಂದರ ಕಾರ್ಯನಿರ್ವಾಹಕರಾಗಿ ದುಡಿದರು. 2015ರಲ್ಲಿ ರಾಜಧಾನಿ ಒಟ್ಟಾವದ ನೇಪಿಯನ್ ಕ್ಷೇತ್ರದಿಂದ ಆಯ್ಕೆಯಾಗಿ, 2019 ಮತ್ತು 2021ರಲ್ಲಿ ಮರುಆಯ್ಕೆಗೊಂಡರು. ವಲಸೆ ಹೋದ ಒಂಬತ್ತೇ ವರ್ಷಗಳಲ್ಲಿ ಸಂಸದರಾದುದು ಸಾಮಾನ್ಯ ಸಾಧನೆಯಲ್ಲ.

ತೊಡಕು ಆರಂಭವಾದುದು 2023ರಲ್ಲಿ. ಹರದೀಪ್ ಸಿಂಗ್ ನಿಜ್ಜರ್ ಹತ್ಯೆಯಲ್ಲಿ ಭಾರತದ ಕೈವಾಡವಿದೆಯೆಂದು ಪ್ರಧಾನಿ ಜಸ್ಟಿನ್ ಟ್ರುಡೊ ಸೆಪ್ಟೆಂಬರ್‌ನಲ್ಲಿ ಆರೋಪಿಸಿದರು. ಭಾರತ ಅದನ್ನು ತಳ್ಳಿಹಾಕಿತು. ಖಲಿಸ್ತಾನಿ ಉಗ್ರವಾದದ ವಿರುದ್ಧ ಆರ್ಯ ಬಹಿರಂಗವಾಗಿ ಮಾತನಾಡುತ್ತಲೇ ಬಂದರು. 2024ರ ಆಗಸ್ಟ್‌ನಲ್ಲಿ ದೆಹಲಿಗೆ ಬಂದು ಪ್ರಧಾನಿ ನರೇಂದ್ರ ಮೋದಿಯವರನ್ನು ಭೇಟಿಯಾದರು. ಅದು ಅವರ ಸ್ವಂತ ನಿರ್ಧಾರದ ಪ್ರವಾಸ, ಸರ್ಕಾರದ ಪ್ರತಿನಿಧಿಯಾಗಿ ಹೋದುದಲ್ಲ ಎಂದು ಕೆನಡಾದ ವಿದೇಶಾಂಗ ಇಲಾಖೆ ಸ್ಪಷ್ಟಪಡಿಸಿತು. ಆ ಅಕ್ಟೋಬರ್‌ನಲ್ಲಿ ಉಭಯ ದೇಶಗಳು ತಲಾ ಆರು ರಾಜತಾಂತ್ರಿಕರನ್ನು ಹೊರಹಾಕಿದವು.

ಜಪಾನಿನ ತತ್ಸುನೊಸುಕೆ ತಕಸಾಕಿ ಅವರ ಉದಾಹರಣೆ ಇಲ್ಲಿ ಪ್ರಸ್ತುತ. ಡಬ್ಬಿ ತಯಾರಿಕೆಯ ಉದ್ಯಮಿಯಾಗಿದ್ದ ಅವರು ಸಚಿವರಾಗಿ 1955ರ ಬಾಂಡುಂಗ್ ಸಮ್ಮೇಳನದಲ್ಲಿ ಚೌ ಎನ್‌ಲಾಯ್ ಅವರನ್ನು ಕಂಡರು. ಜಪಾನ್ ಕಮ್ಯುನಿಸ್ಟ್ ಚೀನಾಕ್ಕೆ ಮಾನ್ಯತೆಯನ್ನೇ ನೀಡದಿದ್ದ 1962ರಲ್ಲಿ ಲಿಯಾವೊ ಚೆಂಗ್‌ಝಿ ಜತೆ ವ್ಯಾಪಾರ ಒಡಂಬಡಿಕೆಗೆ ಸಹಿ ಹಾಕಿದರು. ಅದೂ ಖಾಸಗಿ ಮಾರ್ಗವೇ. ಆದರೆ ಹಿಂದೆ ಇಕೆದಾ ಸರ್ಕಾರದ ಮೌನಸಮ್ಮತಿ ಇತ್ತು. ಆರ್ಯರಿಗೆ ಇಲ್ಲದಿದ್ದುದು ಅದೇ. ದೆಹಲಿಯಲ್ಲಿ ರಾಜ್ಯದ ಪರ ಮಾತನಾಡಲು ಶಿರಾ ಶಾಸಕ ಟಿ.ಬಿ. ಜಯಚಂದ್ರ ಅವರಿಗೂ 2023ರಲ್ಲಿ ವಿಶೇಷ ಪ್ರತಿನಿಧಿಯೆಂಬ ಸರ್ಕಾರಿ ನೇಮಕ ಬೇಕಾಯಿತಲ್ಲವೇ!

2025ರ ಜನವರಿಯಲ್ಲಿ ಆರ್ಯ ಪಕ್ಷದ ನಾಯಕತ್ವಕ್ಕೇ ಸ್ಪರ್ಧೆ ಘೋಷಿಸಿದರು. ಫ್ರೆಂಚ್ ಬಾರದೆಂದು ಸಂದರ್ಶನದಲ್ಲಿ ಒಪ್ಪಿಕೊಂಡರು. ಸದನದಲ್ಲಿ ಕನ್ನಡ ಮೊಳಗಿಸಿದವರಿಗೆ ಆ ದೇಶದ ಎರಡನೆಯ ಅಧಿಕೃತ ಭಾಷೆ ತೊಡರಾಯಿತು. ಪಕ್ಷ ಸ್ಪರ್ಧೆಗೇ ಅವಕಾಶ ನೀಡಲಿಲ್ಲ. ಮಾರ್ಚ್‌ನಲ್ಲಿ ಟಿಕೆಟ್ ಕೈತಪ್ಪಿದಾಗ ಪಕ್ಷ ವಿವರವಾದ ಕಾರಣ ಕೊಡಲಿಲ್ಲ. ಭಾರತ ಸರ್ಕಾರದೊಡನೆ ನಿಕಟ ಸಂಪರ್ಕದ ಆರೋಪವೇ ಕಾರಣವೆಂದು ಅಲ್ಲಿನ ಪತ್ರಿಕೆಗಳು ವರದಿ ಮಾಡಿದವು. ವಿದೇಶಿ ನಾಯಕರ ಭೇಟಿಗೆ ಸಂಸದನೊಬ್ಬ ಸರ್ಕಾರದ ಅನುಮತಿ ಪಡೆಯಬೇಕಿಲ್ಲವೆಂಬುದು ಆರ್ಯರ ವಾದ. ಈ ವಾದದಲ್ಲಿ ಹುರುಳಿದೆ. ಸಾರ್ವಜನಿಕವಾಗಿ ಸಾಬೀತಾಗದ ಆರೋಪದ ನೆರಳಿನಲ್ಲಿ ಮೂರು ಬಾರಿಯ ಸಂಸದನನ್ನು ಕೈಬಿಟ್ಟುದನ್ನು ನ್ಯಾಯವೆನ್ನುವುದು ಕಷ್ಟ.

ನೇಪಿಯನ್‌ನಿಂದ ಪಕ್ಷದ ಹೊಸ ನಾಯಕ, ಪ್ರಧಾನಿ ಮಾರ್ಕ್ ಕಾರ್ನಿ ಸ್ಪರ್ಧಿಸಿ ಏಪ್ರಿಲ್ 28ರಂದು ಗೆದ್ದರು. ಅವರೂ ಬ್ಯಾಂಕಿಂಗ್ ಕ್ಷೇತ್ರದಿಂದ ರಾಜಕೀಯಕ್ಕೆ ಬಂದವರು. ಜೂನ್‌ನಲ್ಲಿ ಕನನಾಸ್ಕಿಸ್‌ನ ಜಿ-7 ಶೃಂಗಸಭೆಯ ವೇಳೆ ಮೋದಿ-ಕಾರ್ನಿ ಹೈಕಮಿಷನರ್‌ಗಳನ್ನು ಮರಳಿ ನೇಮಿಸಲು ಒಪ್ಪಿದರು. ಆಗಸ್ಟ್‌ನಲ್ಲಿ ನೇಮಕಗಳು ಪ್ರಕಟವಾದವು. ಅಂದು ಮೋದಿಯವರ ಎದುರು ಕುಳಿತಿದ್ದವರು ನೇಪಿಯನ್‌ನ ಸಂಸದರೇ, ಆದರೆ ದ್ವಾರಾಳಿನವರಲ್ಲ.