ಪ್ರವಾಸ ಮತ್ತು ಕೆರೆ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬುದು ಹಿರಿಯರ ಮಾತು. ಶಾಲೆಯ ಮಕ್ಕಳು ಎರಡು ದಿನದ ಪ್ರವಾಸಕ್ಕೆ ಹೊರಟಾಗ ಶ್ರೀರಂಗಪಟ್ಟಣವನ್ನೂ ಅದರ ಸಮೀಪದ ರಂಗನತಿಟ್ಟನ್ನೂ ಆರಿಸಿಕೊಳ್ಳುವುದುಂಟು. ಒಂದೆಡೆ ಕೋಟೆ ಕೊತ್ತಲಗಳು, ಇನ್ನೊಂದೆಡೆ ಹಕ್ಕಿಗಳ ನೆಲೆ. ಆಯ್ಕೆ ಉಚಿತವಾದುದೇ. ಆದರೆ ಅಲ್ಲಿ ಕಲಿಯಬೇಕಾದ ಮುಖ್ಯ ಪಾಠವೊಂದು ಅನೇಕರ ಗಮನಕ್ಕೆ ಬಾರದೆ ಹೋಗುತ್ತದೆ.

ರಂಗನತಿಟ್ಟಿನ ನಡುಗಡ್ಡೆಗಳು ಮನುಷ್ಯನ ಕೆಲಸದಿಂದಲೇ ಉಂಟಾದವು. ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಅರಸರು ಕಾವೇರಿಗೆ ಒಡ್ಡು ಕಟ್ಟಿಸಿದರು. ನೀರು ನಿಂತು ನಡುಗಡ್ಡೆಗಳಾದವು. ಅಲ್ಲಿನ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟಿದವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸರ್ಕಾರವು ಅದನ್ನು ಪಕ್ಷಿಧಾಮವೆಂದು ಘೋಷಿಸಿತು. ನೀರನ್ನು ಕಾಪಾಡಿದರೆ ಹಕ್ಕಿಗಳು ತಾವಾಗಿಯೇ ಬರುತ್ತವೆ ಎಂಬುದೇ ಆ ಪಾಠ.

ಈ ದೃಷ್ಟಿಯಿಂದ ಕೋಲಾರ ಸೀಮೆಯನ್ನು ನೋಡಬೇಕು. ಕುವಲಾಲವೆಂಬ ಹೆಸರಿನಿಂದ ಗಂಗರ ರಾಜಧಾನಿಯಾಗಿದ್ದ ಊರು ಕೋಲಾರ. ಅಲ್ಲಿನ ಕೋಲಾರಮ್ಮನ ಗುಡಿಯಲ್ಲಿ ಚೋಳರ ಶಾಸನಗಳಿವೆ. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ನೊಳಂಬರ ಕಾಲದ ದೇವಾಲಯಗಳಿವೆ. ಆದರೆ ವರ್ಷವಿಡೀ ಹರಿಯುವ ನದಿಯೊಂದೂ ಈ ಸೀಮೆಯಲ್ಲಿಲ್ಲ. ಆದುದರಿಂದಲೇ ಪೂರ್ವಿಕರು ಮೇಲಿನ ಕೆರೆ ಕೋಡಿಬಿದ್ದು ಕೆಳಗಿನ ಕೆರೆ ತುಂಬುವಂತೆ ಸಾಲುಸಾಲಾಗಿ ಕೆರೆಗಳನ್ನು ಕಟ್ಟಿದರು. ಗುಡಿಗಳಂತೆ ಈ ಕೆರೆಗಳೂ ಚರಿತ್ರೆಯ ಸ್ಮಾರಕಗಳೇ.

ಕೊಳವೆ ಬಾವಿಗಳು ಬಂದ ಮೇಲೆ ಜನರು ಕೆರೆಗಳನ್ನು ಮರೆತರು. ಕಾಲುವೆಗಳು ಮುಚ್ಚಿದವು, ಅಂಗಳದಲ್ಲಿ ಹೂಳು ತುಂಬಿತು. ಸಾವಿರ ಅಡಿ ಕೊರೆದರೂ ನೀರು ದೊರೆಯದ ದುಃಸ್ಥಿತಿ ಒದಗಿತು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕಾರ್ಯ 2018ರಲ್ಲಿ ಲಕ್ಷ್ಮೀಸಾಗರದ ಕೆರೆಯಿಂದ ಆರಂಭವಾಯಿತು. ಇದರಿಂದ ಅಂತರ್ಜಲ ಏರಿ ರೈತರಿಗೆ ನೆರವಾಗಿರುವುದು ನಿಜ. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಅನೇಕರು ಒತ್ತಾಯಿಸಿದ್ದಾರೆ. ಈ ಒತ್ತಾಯ ನ್ಯಾಯವಾದುದು. ತುಂಬಿದ ಕೆರೆಗೆ ಬೆಳ್ಳಕ್ಕಿಗಳು ಬಂದ ಮಾತ್ರಕ್ಕೆ ನೀರು ನಿರ್ಮಲವಾಯಿತೆಂದು ಭಾವಿಸಬಾರದು. ನೀರನ್ನು ಪರೀಕ್ಷಿಸುವ ಬಗೆ ಹಕ್ಕಿಗೆ ತಿಳಿಯದು, ಮನುಷ್ಯನಿಗೆ ತಿಳಿದಿದೆ. ಆದುದರಿಂದ ಹೊಣೆಯೂ ಅವನದೇ.

ಮಾಲೂರು, ಶ್ರೀನಿವಾಸಪುರಗಳ ವಿದ್ಯಾರ್ಥಿಗಳು ದೂರದ ಊರುಗಳನ್ನು ನೋಡಲಿ. ಜೊತೆಗೆ ಒಂದು ದಿನ ಆವನಿಯ ಗುಡಿಗಳನ್ನು ಕಂಡು, ಮರುದಿನ ಮುಂಜಾನೆ ತಮ್ಮೂರಿನ ಕೆರೆಯ ಏರಿಯ ಮೇಲೆ ನಡೆಯಲಿ. ನೀರು ಎಲ್ಲಿಂದ ಬರುತ್ತದೆ, ತೂಬು ಎಲ್ಲಿದೆ, ಕೋಡಿ ಯಾವ ಕಡೆಗೆ ಹರಿಯುತ್ತದೆ, ಎಷ್ಟು ಬಗೆಯ ಹಕ್ಕಿಗಳಿವೆ ಎಂಬುದನ್ನು ಬರೆದಿಟ್ಟುಕೊಳ್ಳಲಿ. ಈ ಪ್ರವಾಸಕ್ಕೆ ಹೆಚ್ಚು ಹಣ ಬೇಕಿಲ್ಲ. ನೋಡುವ ಕಣ್ಣು ಬೇಕು. ರಂಗನತಿಟ್ಟಿನ ಹಕ್ಕಿಗಳನ್ನು ಮೆಚ್ಚಿ ಬಂದವನು ತನ್ನ ಊರಿನ ಕೆರೆಗೆ ಕಸ ಸುರಿದರೆ, ಅವನು ದೇಶ ಸುತ್ತಿಯೂ ಏನನ್ನೂ ಕಲಿತಂತಾಗಲಿಲ್ಲ.